ಗೆದ್ದ ಮೇಲೂ ಮುಗಿಯದ ಕೇಸು: ವಜಾ ಆದವರ ಮೇಲ್ಮನವಿಯ ಚರಿತ್ರೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಕೊನೆವರೆಗೂ ಓದಿ.

ಕೆಲಸ ಕಳಕೊಂಡ ನಮ್ಮವರು ಸಿಕ್ಕಾಗ ಕೇಳೋ ಮೊದಲ ಪ್ರಶ್ನೆ, "ಅಣ್ಣಾ, ಅಪೀಲು ಹಾಕಬಹುದಾ?" ಹಗಲು ಗುಮಾಸ್ತಿಕೆ, ಸಂಜೆ ಸಂಘಟನೆ ಅಂತ ಓಡಾಡೋ ನಾನು ಈ ಪ್ರಶ್ನೆಯಿಂದಾಗಿಯೇ ಕಾಯ್ದೆ ಪುಸ್ತಕ ಹಿಡಿದೆ. ಓದಿದ ಮೇಲೆ ತಿಳಿದದ್ದು: ಈ ಹಕ್ಕನ್ನು ಯಾರೂ ಒಂದೇ ದಿನ ಕೈಗಿಡಲಿಲ್ಲ. ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ ಗೋಡೆ ಇದು.

ಮೊದಲ ಇಟ್ಟಿಗೆ 1946ರದ್ದು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ರು. ಆ ಅವಧಿಯಲ್ಲೇ, 1946ರ ಏಪ್ರಿಲ್‌ನಲ್ಲಿ, ಸ್ಥಾಯಿ ಆದೇಶಗಳ ಕಾಯ್ದೆ ಬಂತು. 100 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಯಾವುದು ದುರ್ನಡತೆ, ಅದಕ್ಕೆ ಏನು ಶಿಕ್ಷೆ ಅಂತ ಮಾಲೀಕ ಮೊದಲೇ ಬರೆದು ದೃಢೀಕರಿಸಿಕೊಳ್ಳಬೇಕಿತ್ತು. ಅಂದ್ರೆ "ನಾಳೆಯಿಂದ ಬರಬೇಡ" ಅನ್ನೋ ಬಾಯಿಮಾತಿನ ದರ್ಬಾರಿಗೆ ಬಿದ್ದ ಮೊದಲ ಲಗಾಮು.

1947ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆ ಬಂತು. ಆದರೆ ಅದರಲ್ಲೊಂದು ತೊಡಕಿತ್ತು. ಒಬ್ಬನನ್ನು ವಜಾ ಮಾಡಿದರೆ ಅದು "ವೈಯಕ್ತಿಕ ವಿವಾದ". ಯೂನಿಯನ್ನೋ, ಸಾಕಷ್ಟು ಸಂಖ್ಯೆಯ ಸಹಕಾರ್ಮಿಕರೋ ಬೆನ್ನಿಗೆ ನಿಂತರೆ ಮಾತ್ರ ಅದು ಕೈಗಾರಿಕಾ ವಿವಾದ ಆಗ್ತಿತ್ತು. ಕೇಳೋಕೆ ಸಣ್ಣ ವಿಷಯ. ಆದರೆ ಮುಂಬಯಿ ಗಿರಣಿಗಳಲ್ಲಿ ಅಸ್ಪೃಶ್ಯರನ್ನು ಹೆಚ್ಚು ಕೂಲಿಯ ನೇಯ್ಗೆ ವಿಭಾಗದೊಳಗೇ ಬಿಟ್ಟುಕೊಳ್ಳದೆ ಇದ್ದಾಗ ಯೂನಿಯನ್‌ಗಳು ಏನು ಮಾಡಿದವು ಅಂತ ಬಾಬಾಸಾಹೇಬರು ಕೇಳಿದ್ದು ನೆನಪಿರಲಿ. ಜೊತೆಯವರೇ ನಿನ್ನ ಲೋಟ ಬೇರೆ ಇಡುವಾಗ ನಿನ್ನ ಕೇಸಿಗೆ ಸಹಿ ಹಾಕೋರು ಯಾರು? 1965ರಲ್ಲಿ 2ಎ ಕಲಂ ಸೇರಿತು. ಒಬ್ಬಂಟಿಯ ವಜಾ ಕೂಡ ಕೈಗಾರಿಕಾ ವಿವಾದವೇ ಆಯ್ತು. ನನ್ನ ಮಟ್ಟಿಗೆ ಇದು ನಮ್ಮ ಜನಕ್ಕೆ ಸಿಕ್ಕ ದೊಡ್ಡ ಬಾಗಿಲು.

ಬಾಗಿಲು ತೆರೆದರೂ ಒಳಗೆ ಕೂತವರ ಕೈ ಕಟ್ಟಿತ್ತು. 1958ರ ಇಂಡಿಯನ್ ಐರನ್ ಅಂಡ್ ಸ್ಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ದುರುದ್ದೇಶ, ಕಿರುಕುಳ, ಸಹಜ ನ್ಯಾಯದ ಉಲ್ಲಂಘನೆ ಇಂಥವು ಇದ್ದರೆ ಮಾತ್ರ ನ್ಯಾಯಮಂಡಳಿ ಕೈ ಹಾಕಬೇಕು, ಆಡಳಿತದ ತೀರ್ಮಾನದ ಮೇಲೆ ಅಪೀಲು ಕೋರ್ಟಿನ ಹಾಗೆ ಕೂರಬಾರದು. 1971ರಲ್ಲಿ 11ಎ ಕಲಂ ಬಂದು ಇದನ್ನು ಬದಲಿಸಿತು. ಸಾಕ್ಷ್ಯವನ್ನು ಹೊಸದಾಗಿ ತೂಗುವ, ತಪ್ಪಿಗಿಂತ ಶಿಕ್ಷೆ ಹೆಚ್ಚಾದರೆ ತಗ್ಗಿಸುವ, ಕೆಲಸಕ್ಕೆ ವಾಪಸ್ ಕಳಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ ಸಿಕ್ಕಿತು.

ನಮ್ಮ ಬೆಂಗಳೂರಿನ ಪಾಲೂ ಇಲ್ಲಿದೆ. ಬೆಂಗಳೂರು ಜಲಮಂಡಳಿ ತನ್ನ ನೌಕರರಿಗೆ ದಂಡ ಹಾಕಿ ವಸೂಲಿ ಮಾಡಿತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ "ನಾವು ಉದ್ಯಮವೇ ಅಲ್ಲ" ಅಂತ ಮಂಡಳಿ ವಾದಿಸಿತು. 1978ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಆ ವಾದವನ್ನು ತಳ್ಳಿಹಾಕಿತು. ಮುಖ್ಯ ತೀರ್ಪು ಬರೆದವರು ನ್ಯಾ. ಕೃಷ್ಣ ಅಯ್ಯರ್. ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳ ಎಷ್ಟೋ ಸಣ್ಣ ನೌಕರರಿಗೂ ಇದರಿಂದ ದಾರಿ ತೆರೀತು.

ಇನ್ನು ಅಪೀಲಿನ ಮಾತು. ಕಾರ್ಮಿಕ ನ್ಯಾಯಾಲಯದ ಐತೀರ್ಪಿನ ಮೇಲೆ ಮಾಮೂಲಿ ಅಪೀಲು ಅನ್ನೋದೇ ಇಲ್ಲ. ಹೈಕೋರ್ಟಿಗೆ 226, 227ನೇ ವಿಧಿಗಳಡಿ ರಿಟ್ ಅರ್ಜಿ ಹಾಕಬೇಕು. ಆದರೆ ರಿಟ್ ಕೋರ್ಟ್ ಸಾಮಾನ್ಯವಾಗಿ ಸಾಕ್ಷ್ಯವನ್ನು ಮತ್ತೆ ತೂಗಲ್ಲ, ಕಾನೂನಿನ ಎದ್ದು ಕಾಣೋ ತಪ್ಪನ್ನು ಮಾತ್ರ ನೋಡುತ್ತೆ. ಕೆಳಗೆ ದಾಖಲಾಗದ ಮಾತು ಮೇಲೆ ಕೇಳಿಸಲ್ಲ.

ಅದೇ ರಿಟ್ ಮಾಲೀಕನ ಅಸ್ತ್ರವೂ ಹೌದು. ಕಾರ್ಮಿಕ ಗೆದ್ದರೆ ಅವನು ಹೈಕೋರ್ಟಿಗೆ ಹೋಗ್ತಾನೆ, ತಡೆಯಾಜ್ಞೆ ತರ್ತಾನೆ. ಅವನಿಗೆ ಕಾಯೋದು ಖರ್ಚು, ನಮಗೆ ಕಾಯೋದು ಹಸಿವು. ಇದಕ್ಕೆ ಮದ್ದಾಗಿ 1984ರಲ್ಲಿ 17ಬಿ ಕಲಂ ಜಾರಿಗೆ ಬಂತು. ಮರುನೇಮಕದ ಐತೀರ್ಪನ್ನು ಮಾಲೀಕ ಪ್ರಶ್ನಿಸಿದರೆ, ಕೇಸು ನಡೆಯುವಷ್ಟೂ ಕಾಲ ಕಾರ್ಮಿಕ ಕೊನೆಗೆ ಪಡೀತಿದ್ದ ಪೂರ್ತಿ ಸಂಬಳ ಕೊಡಬೇಕು. ಬೇರೆಲ್ಲೂ ಕೆಲಸದಲ್ಲಿಲ್ಲ ಅಂತ ಕಾರ್ಮಿಕ ಅಫಿಡವಿಟ್ ಹಾಕಬೇಕು. ಗೆದ್ದೂ ಕೂಲಿಗೆ ಹೋಗ್ತಿರೋ ಎಷ್ಟೋ ಜನಕ್ಕೆ ಈ ಕಲಂ ಇರೋದೇ ಗೊತ್ತಿಲ್ಲ.

2013ರಲ್ಲಿ ದೀಪಾಲಿ ಗುಂಡು ಸುರ್ವಸೆ ಎಂಬ ಶಿಕ್ಷಕಿಯ ಪ್ರಕರಣ ಇನ್ನೊಂದು ಹೆಜ್ಜೆ. ನ್ಯಾಯಮಂಡಳಿ ಕೊಡಿಸಿದ್ದ ಹಿಂಬಾಕಿ ವೇತನವನ್ನು ಬಾಂಬೆ ಹೈಕೋರ್ಟ್ ತೆಗೆದುಹಾಕಿತ್ತು. ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಕೊಡಿಸಿತು. ಅಕ್ರಮ ವಜಾ ಅಂತ ಸಾಬೀತಾದ ಮೇಲೆ ಹಿಂಬಾಕಿ ಸಹಿತ ಮರುನೇಮಕವೇ ಸಾಮಾನ್ಯ ನಿಯಮ, ಕೋರ್ಟಿನ ವಿಳಂಬಕ್ಕೆ ನೌಕರರನ್ನು ದಂಡಿಸಬಾರದು ಅಂತ ಹೇಳಿತು.

ಈಗ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಸ್ಥಾಯಿ ಆದೇಶಗಳ ಮಿತಿ 100ರಿಂದ 300ಕ್ಕೆ ಏರಿದೆ. ಅಂದ್ರೆ 1946ರ ಆ ಮೊದಲ ಇಟ್ಟಿಗೆಯನ್ನೇ ಎಳೆದಿದ್ದಾರೆ. ಸಣ್ಣ ಕಡೆ ದುಡಿಯೋರಲ್ಲಿ ನಮ್ಮವರೆಷ್ಟು ಅಂತ ನಿಮಗೇ ಗೊತ್ತು.

ಕೊನೇ ಮಾತು. ವಜಾ ಆದೇಶದಲ್ಲಿ "ಜಾತಿ" ಅನ್ನೋ ಪದ ಯಾವತ್ತೂ ಇರಲ್ಲ. "ಅವಿಧೇಯತೆ", "ಗೈರುಹಾಜರಿ" ಅಂತ ಇರುತ್ತೆ. ನಿಜವಾದ ಕಾರಣವನ್ನು ಬರೆಯಬೇಕಾದವರು ನಾವು. ಆರೋಪಪಟ್ಟಿಗೆ ಕೊಡೋ ಉತ್ತರದಲ್ಲೇ ಬರೀರಿ. ಯಾರು, ಯಾವ ದಿನ, ಏನಂದ್ರು, ಎಲ್ಲವನ್ನೂ. ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ, ಪ್ರತಿ ಇಟ್ಕೊಳ್ಳಿ. ಹೈಕೋರ್ಟಿನ ಕೇಸು ಶುರುವಾಗೋದು ಆ ಒಂದು ಹಾಳೆಯಿಂದ.

ಶೇರ್ ಮಾಡಿ. ಜೈ ಭೀಮ್.