ಹೇರೆತ್ತು ಮತ್ತು ಮುತ್ತಿಗೆ: ಮೈಸೂರು ಯುದ್ಧಗಳಲ್ಲಿ ದಂಡಿನ ಸರಬರಾಜು

ಮೂರನೆಯ ಮೈಸೂರು ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡು ಮೊದಲ ಸಲ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದಕ್ಕೆ ಕಾರಣ ರಣರಂಗದ ಸೋಲಲ್ಲ, ಎತ್ತುಗಳ ಸಾವು. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಮೈಸೂರಿನ ರಾಜಧಾನಿಯಾದ ಶ್ರೀರಂಗಪಟ್ಟಣದತ್ತ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪು ಸುಲ್ತಾನ್ ಮೇವು ಸುಡಿಸಿ ಊರು ಬರಿದು ಮಾಡಿಸಿದ್ದರಿಂದ ಕನಕಪುರದ ಕಡೆಯ ದುರ್ಗಮ ಹಾದಿ ಹಿಡಿಯಬೇಕಾಯಿತು. ಮೇ 15ರಂದು ಅರಕೆರೆಯ ಬಳಿ ಕಂಪನಿಗೆ ಗೆಲುವಾಯಿತು. ಆದರೆ ಅಷ್ಟರಲ್ಲಿ ಮೇವಿಲ್ಲದೆ, ಮಳೆಗೆ ಸಿಕ್ಕಿ, ರೋಗ ಹರಡಿ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಕನ್ನಂಬಾಡಿಯವರೆಗೆ ಫಿರಂಗಿಗಳಿಗೆ ಸೈನಿಕರೇ ಹೆಗಲು ಕೊಟ್ಟರು. ಕೊನೆಗೆ ಮುತ್ತಿಗೆಯ ಭಾರಿ ಫಿರಂಗಿಗಳನ್ನು ಒಡೆದುಹಾಕಿ ದಂಡು ಹಿಂದಿರುಗಿತು. ದಾರಿಯಲ್ಲಿ ಎದುರಾದ, ಕಂಪನಿಯ ಮಿತ್ರಪಕ್ಷದ ಪರಶುರಾಮ ಭಾವೂ ಮತ್ತು ಹರಿಪಂತರ ಮರಾಠಾ ಸೇನೆಯ ಬಜಾರಿನಲ್ಲಿ ಧಾನ್ಯ ಧಾರಾಳವಾಗಿತ್ತು. ಬೆಲೆ ಮಾತ್ರ ವಿಪರೀತ.

ಒಂದು ಹೇರೆತ್ತು ಹೊರುತ್ತಿದ್ದುದು ಸುಮಾರು 70 ಸೇರು ಅಕ್ಕಿ. ಸಿಪಾಯಿಗೆ ದಿನಕ್ಕೊಂದು ಸೇರು ಎಂದು ಹಿಡಿದರೆ, 10,000 ಮಂದಿಯ ಒಂದು ತಿಂಗಳ ಊಟಕ್ಕೇ 4,000ಕ್ಕೂ ಹೆಚ್ಚು ಎತ್ತು ಬೇಕು. ದಂಡಿನ ಬೆನ್ನಿಗೆ ಬರುತ್ತಿದ್ದ ಆಳುಕಾಳು, ವ್ಯಾಪಾರಿ, ಸಂಸಾರಗಳ ಸಂಖ್ಯೆ ಸೈನಿಕರಿಗಿಂತ ಎಷ್ಟೋ ಪಟ್ಟು. ಅವರ ಹೊಟ್ಟೆಯ ಲೆಕ್ಕ ಬೇರೆ. ಗುಂಡು, ಮದ್ದು, ಡೇರೆಗಳ ಹೇರೂ ಬೇರೆ.

ಈ ಕೊರತೆಯನ್ನು ತುಂಬಿದವರು ಬಂಜಾರರು, ಕನ್ನಡನಾಡಿನ ಲಂಬಾಣಿಗಳು. ಅವರು ಯಾರ ಸೈನ್ಯದ ನೌಕರರೂ ಅಲ್ಲ. ಎತ್ತು ಅವರ ತಾಂಡಾದ್ದು, ಅಂದರೆ ಒಟ್ಟಿಗೆ ಸಾಗುವ ಗುಂಪಿನದು; ಧಾನ್ಯವೂ ಅವರೇ ಕೊಂಡು ತಂದದ್ದು; ದಂಡಿನ ಬಜಾರಿನಲ್ಲಿ ಮಾರಿ ಲಾಭ ಎಣಿಸಿಕೊಳ್ಳುತ್ತಿದ್ದರು. ಹೆಂಡಿರು ಮಕ್ಕಳೊಡನೆ ಸಾಗುತ್ತಿದ್ದ ತಾಂಡಾ ದಾರಿಯಲ್ಲೇ ಎತ್ತುಗಳನ್ನು ಮೇಯಿಸಿಕೊಳ್ಳುತ್ತಿತ್ತು. ಇಂಥವರನ್ನು ಅಪ್ಪಣೆಯಿಂದ ಕರೆತರಲಾಗದು. ಮುಂಗಡ, ಬೆಲೆಯ ಭರವಸೆ, ದಾರಿಯ ಕಾವಲು ಬೇಕಿತ್ತು. ಕಂಪನಿಯ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಬಂಜಾರ ನಾಯಕರೊಡನೆ ಕುದುರಿಸಿದ್ದು ಇದನ್ನೇ. 1791ರ ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಕಂಪನಿಯ ವಶವಾದವು. ಕೋಟೆ ಹಿಡಿದ ಸಾಹಸವೆಂದೇ ಇವನ್ನು ವರ್ಣಿಸುವ ರೂಢಿಯಿದೆ; ಹೇರೆತ್ತುಗಳು ಬರುವ ದಾರಿಯನ್ನು ನಿರಾತಂಕ ಮಾಡಿದ್ದೇ ಇವುಗಳ ಮುಖ್ಯ ಫಲ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ಬಿದ್ದ ದಂಡಿಗೆ ಬೆನ್ನ ಹಿಂದಿನ ಚಿಂತೆ ಅಷ್ಟಾಗಿ ಇರಲಿಲ್ಲ.

1799ರ ನಾಲ್ಕನೆಯ ಮೈಸೂರು ಯುದ್ಧದಲ್ಲಿ ಕಂಪನಿಯ ದಂಡಿನ ಜನರಲ್ ಹ್ಯಾರಿಸ್ ಮತ್ತೆ ಅದೇ ಇಕ್ಕಟ್ಟಿಗೆ ಸಿಲುಕಿದ. ಟಿಪ್ಪು ನಿರೀಕ್ಷಿಸದಿದ್ದ ಸೋಸಲೆಯ ಬಳಿ ಕಾವೇರಿ ದಾಟಿದ್ದರಿಂದ ಸುಡದೆ ಉಳಿದಿದ್ದ ಮೇವು ದಕ್ಕಿತು. ಆದರೂ ಏಪ್ರಿಲ್ ನಡುವಿನ ಹೊತ್ತಿಗೆ ಅಕ್ಕಿ ಕೆಲವೇ ವಾರಗಳಿಗೆ ಸಾಲುವಷ್ಟಿತ್ತು. ಕಾವೇರಿಪುರದ ಕಣಿವೆಯ ಮಾರ್ಗವಾಗಿ ರೀಡ್ ತರುತ್ತಿದ್ದ ಧಾನ್ಯ ಬಂದು ಮುಟ್ಟಿದ್ದು ಮೇ 4ರಂದು ಕೋಟೆ ಬಿದ್ದ ಮೇಲೆ. ದಾಳಿಯ ಆತುರಕ್ಕೆ ಇದೂ ಒಂದು ಕಾರಣ.

ಮೈಸೂರಿನ ಕಡೆ ವ್ಯವಸ್ಥೆ ಬೇರೆಯೇ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯನ್ನು ಟಿಪ್ಪುವಿನ ತಂದೆ ಹೈದರ್ ದಂಡಿನ ಸಾಗಣೆಗೆ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ದನಗಳ ಪಾಲನೆಗೆ ಹುಕುಂನಾಮೆ ಹೊರಡಿಸಿದ. ಕಾವಲುಗಳೆಂಬ ಮೀಸಲು ಹುಲ್ಲುಗಾವಲುಗಳಲ್ಲಿ ಮೇದ ಈ ತಳಿ ಬಿರುಸು ನಡಿಗೆಗೆ ಹೆಸರಾಗಿತ್ತು. 1799ರ ನಂತರ ಅದು ಕಂಪನಿಯ ಪಾಲಾಗಿ, 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಫಿರಂಗಿಗಳನ್ನು ಎಳೆಯಿತು. ಅದರ ಪಾಲನೆ ವಹಿಸಿಕೊಂಡಿದ್ದ ಮೈಸೂರು ಸರ್ಕಾರದ ಕೈಯಲ್ಲಿ ತಳಿ ಕ್ಷೀಣಿಸಿತೆಂದು 1813ರಲ್ಲಿ ಹುಣಸೂರಿನ ಕ್ಯಾಪ್ಟನ್ ಹಾರ್ವೆಗೆ ಅದರ ಉಸ್ತುವಾರಿ ವಹಿಸಲಾಯಿತು. 1860ರಲ್ಲಿ ಖರ್ಚು ಉಳಿಸಲು ಮಂದೆಗಳನ್ನು ಮಾರಿಬಿಟ್ಟ ಬ್ರಿಟಿಷ್ ಸರ್ಕಾರ, 1866ರಲ್ಲಿ ಅವನ್ನು ಮತ್ತೆ ಕಟ್ಟತೊಡಗಿತು.