ರಸ್ತೆಯ ಮೇಲಿಲ್ಲದ ಬಿಂದು

"ರಸ್ತೆ ನಡುಮಧ್ಯ ಬಳಸಿ ತಿರುಗಿಸಿದೆಯೋ, ಒಳಗಿಂದಲೇ ಕಟ್ ಹೊಡೆದೆಯೋ?"

1986ರಲ್ಲಿ ಅಪಘಾತದ ಕೇಸೊಂದರಲ್ಲಿ ವಕೀಲರು ನನ್ನಪ್ಪನಿಗೆ ಕೇಳಿದ ಪ್ರಶ್ನೆಯಿದು. ಅಪ್ಪನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಕೊಬ್ಬರಿ ಲೋಡಿನ ಲಾರಿಯನ್ನು ನಮ್ಮೂರ ನಾಲ್ಕು ರಸ್ತೆಯಲ್ಲಿ ಬಲಕ್ಕೆ ತಿರುಗಿಸುವಾಗ, ಆ ಅಡ್ಡರಸ್ತೆಯಿಂದ ಬರುತ್ತಿದ್ದ ಸೈಕಲ್ಲಿಗೆ ತಾಗಿ ಸವಾರನ ಕಾಲು ಮುರಿದಿತ್ತು. "ಅಲ್ಲಿ ಕಲ್ಲಿಲ್ಲ, ಕಂಬ ಇಲ್ಲ, ಗೆರೆನೂ ಇಲ್ಲ. ಇಲ್ದಿರೋದನ್ನ ಹೆಂಗೆ ಬಳಸ್ಲಿ ಸ್ವಾಮಿ?" ಎಂದು ಅಪ್ಪ ತಿರುಗಿ ಕೇಳಿದ್ದನಂತೆ. ತೀರ್ಪು ಅಪ್ಪನ ವಿರುದ್ಧವೇ ಬಂತು, ಕೆಲಸವೂ ಹೋಯಿತು. ಆದರೂ ಮನೆಗೆ ನೆಂಟರು ಬಂದಾಗಲೆಲ್ಲ ಆ ಮಾತನ್ನು ಯಾರಾದರೂ ನೆನೆಯುತ್ತಿದ್ದರು, ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಮೋಟಾರು ಕಾನೂನುಗಳ ಚರಿತ್ರೆಯನ್ನು ಪಿಎಚ್.ಡಿ.ಗೆ ಎತ್ತಿಕೊಂಡ ಮೇಲೆ ವಕೀಲರ ಪ್ರಶ್ನೆಯ ಮೂಲ ನನಗೆ ಸಿಕ್ಕಿತು. ಆಗ ಜಾರಿಯಲ್ಲಿದ್ದದ್ದು 1939ರ ಮೋಟಾರು ವಾಹನ ಕಾಯ್ದೆ. ಅದರ ಹತ್ತನೇ ಅನುಸೂಚಿಯಲ್ಲಿ ವಾಹನ ಓಡಿಸುವ ನಿಯಮಗಳಿವೆ. ಎಡಕ್ಕೆ ತಿರುಗುವವನು ಎಡ ಅಂಚು ಹಿಡಿದೇ ತಿರುಗಬೇಕು, ಮುಗಿಯಿತು. ಬಲಕ್ಕೆ ತಿರುಗುವವನಿಗೆ ಮಾತ್ರ ನಿಯಮ ಉದ್ದ. ಮೊದಲು ರಸ್ತೆಯ ಮಧ್ಯಕ್ಕೆ ಸರಿಯಬೇಕು. ಎರಡೂ ರಸ್ತೆಗಳ ನಡುಗೆರೆಗಳು ಸಂಧಿಸುವ ಬಿಂದುವನ್ನು, ಸಾಧ್ಯವಾದಮಟ್ಟಿಗೆ, ದಾಟಿ ಅದನ್ನು ಬಲಗೈ ಕಡೆಗೆ ಬಿಟ್ಟು ತಿರುಗಬೇಕು. ಕೊನೆಗೆ ಹೊಸ ರಸ್ತೆಯ ಎಡಬದಿ ಸೇರಬೇಕು. ಗೆರೆಯೇ ಎಳೆದಿರದ ರಸ್ತೆಯಲ್ಲಿ ಆ ಬಿಂದುವನ್ನು ಚಾಲಕ ಕಣ್ಣಳತೆಯಲ್ಲೇ ಕಂಡುಕೊಳ್ಳಬೇಕು.

ಈ ಬಗೆಯ ನಿಯಮ ಕುದುರೆಗಾಡಿಗಳ ಕಾಲದ್ದು. ನ್ಯೂಯಾರ್ಕ್ ನಗರ 1903ರಲ್ಲಿ ಜಾರಿಗೆ ತಂದ ಸಂಚಾರ ನಿಯಮಗಳಲ್ಲಿ ಇಂಥದ್ದೇ ಒಂದಿದೆ. ಅವುಗಳನ್ನು ರೂಪಿಸಿದವನು ವಿಲಿಯಂ ಫೆಲ್ಪ್ಸ್ ಈನೊ. 1867ರಲ್ಲಿ, ಒಂಬತ್ತು ವರ್ಷದ ಹುಡುಗನಾಗಿ ತಾಯಿಯ ಜೊತೆ ಹೋಗುವಾಗ, ಹತ್ತು ಹನ್ನೆರಡೇ ಗಾಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತದ್ದನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಸಂಚಾರ ಸುರಕ್ಷತೆಯ ಪಿತಾಮಹನೆನಿಸಿಕೊಂಡ ಈತ ಕಾರು ಓಡಿಸಲು ಮಾತ್ರ ಕಲಿಯಲೇ ಇಲ್ಲ.

ಅಮೆರಿಕದಲ್ಲಿ ರಸ್ತೆಯ ಬಲಗಡೆ ಸಾಗುವುದರಿಂದ, ನಮ್ಮ ಬಲತಿರುವಿನ ತೊಡಕು ಅವರಿಗೆ ಎಡತಿರುವಿನಲ್ಲಿ. ಎಡಕ್ಕೆ ಹೊರಳುವ ಗಾಡಿ ಕೂಡುರಸ್ತೆಯ ಮಧ್ಯವನ್ನು ಬಳಸಿಯೇ ಹೋಗಬೇಕೆಂದಿತು 1903ರ ನಿಯಮ. ಬಳಸಿದರೆ ವೇಗ ತಗ್ಗುತ್ತದೆ. ಅಡ್ಡರಸ್ತೆಯಿಂದ ಬರುವವರ ಪಾಲಿನ ಜಾಗಕ್ಕೆ ಗಾಡಿ ನುಗ್ಗುವುದಿಲ್ಲ. ಆದರೆ ಕಾಣದ ಬಿಂದುವನ್ನು ಬಳಸುವವರು ಯಾರು? ಹಾಗಾಗಿ ಅಲ್ಲಿನ ಎಷ್ಟೋ ಊರುಗಳಲ್ಲಿ ಕೂಡುರಸ್ತೆಯ ನಟ್ಟನಡುವೆ ಕಂಬ ನಿಲ್ಲಿಸಿದರು. ಜನ ಅದನ್ನು ಮಾತಾಡದ ಪೊಲೀಸ್ ಎಂದು ಕರೆದರು.

ಈ ಏರ್ಪಾಡಿನಲ್ಲಿ ಒಂದು ತೊಡಕಿತ್ತು. ಎದುರುಬದುರಾಗಿ ಬಂದು ತಿರುಗುವ ಎರಡು ಸಾಲುಗಳೂ ಮಧ್ಯವನ್ನು ಬಳಸಹೊರಟರೆ ಒಂದರ ದಾರಿಗೆ ಇನ್ನೊಂದು ಅಡ್ಡ. ಇಂದು ಅಮೆರಿಕದ ಮಾದರಿ ಸಂಹಿತೆ ಹೇಳುವುದು ತದ್ವಿರುದ್ಧ: ಸಾಧ್ಯವಿದ್ದಾಗಲೆಲ್ಲ ಮಧ್ಯದ ಒಳಗಿಂದಲೇ ತಿರುಗಿ. ನಮ್ಮಲ್ಲೂ 1988ರ ಹೊಸ ಕಾಯ್ದೆಯ ಬೆನ್ನಿಗೆ ಬಂದ 1989ರ ರಸ್ತೆ ನಿಯಮಗಳಲ್ಲಿ ಆ ಬಿಂದುವಿನ ಮಾತಿಲ್ಲ. ರಸ್ತೆಯ ಮಧ್ಯಕ್ಕೆ ಸರಿ, ಹೊಸ ರಸ್ತೆಯ ಎಡಬದಿ ಸೇರು ಎಂಬಷ್ಟೇ ಉಳಿಯಿತು. ಅಪ್ಪನ ಕೇಸು ನಡೆದು ಮೂರು ವರ್ಷವಾಗಿತ್ತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ನನ್ನ ಲೆಕ್ಕದಲ್ಲಿ ಅವನೇ ಗೆದ್ದಿದ್ದ. ಹಳೆಯ ಪೇಪರಿನ ಮೇಲೆ ನಾಲ್ಕು ರಸ್ತೆ ಬರೆದು, ಬೆಂಕಿಪೊಟ್ಟಣವನ್ನು ಲಾರಿ ಮಾಡಿ, "ನೀನು ಕೇಳಿದ್ದೇ ಸರಿ ಅಪ್ಪಾ. ಆ ಬಿಂದುನ ಕಾನೂನೇ ಕೈಬಿಡ್ತು" ಅಂದೆ.

ಅಪ್ಪ ನಗಲಿಲ್ಲ. ತಿನ್ನುತ್ತಿದ್ದ ಕಡಲೆಕಾಯಲ್ಲಿ ಒಂದನ್ನು ತೆಗೆದು ಅಡ್ಡರಸ್ತೆಯ ಮೇಲಿಟ್ಟ. ಬೆಂಕಿಪೊಟ್ಟಣವನ್ನು ಮೂಲೆ ಕತ್ತರಿಸಿಕೊಂಡು ಅದರತ್ತ ಎಳೆದ.

"ಹಿಂಗೆ ಒಳಗಿಂದ್ಲೇ ಎಳೆದೆ ಕಣಮ್ಮ. ಬಳಸ್ಬೇಕು ಅಂದ್ರೆ ಲೋಡ್ ಗಾಡಿ, ಗೇರ್ ಇಳಿಸ್ಬೇಕಿತ್ತು. ಸೋಮಾರಿತನ." ಕಡಲೆಕಾಯ ಮೇಲೆ ಬೆರಳಿಟ್ಟ. "ಬಿಂದು ಇರ್ಲಿಲ್ಲ, ನಿಜ. ಇವನು ಇದ್ನಲ್ಲ, ಅವನ ಎಡಕ್ಕೆ ಅವನು."

ಹೊಸ ನಿಯಮದಲ್ಲೂ ಅಪ್ಪ ತಪ್ಪಿತಸ್ಥನೇ. ಬಿಂದು ಹೋದರೂ ಅದು ಕಾಯುತ್ತಿದ್ದ ಆ ಎಡಬದಿ ನಿಯಮದಲ್ಲಿ ಹಾಗೇ ಉಳಿದಿದೆ. ಇಷ್ಟು ಸರಳವಾದದ್ದು ನನ್ನ ಟಿಪ್ಪಣಿಗಳಲ್ಲಿ ಎಲ್ಲೂ ಇರಲಿಲ್ಲ.

ಆ ಸೈಕಲ್ ಸವಾರ ಯಾರೆಂದು ಅಂದು ಮೊದಲ ಸಲ ಕೇಳಿದೆ. ಅಪ್ಪ ಒಂದು ಕ್ಷಣವೂ ಯೋಚಿಸದೆ ಹೆಸರು ಹೇಳಿದ. ಊರು, ಮನೆತನ, ಯಾವ ಕಾಲು ಎಂಬುದನ್ನೂ.