ಅಗಳವೂ ಅದರ ಮಣ್ಣೂ

ಅಡಿಕೆತೋಟದ ಎಲ್ಲೆಯಲ್ಲಿ ಅಗಳ ತೋಡಿ, ಅದೇ ಮಣ್ಣನ್ನು ಒಳಬದಿಗೆ ಒಟ್ಟಿ ದಂಡೆ ಕಟ್ಟುವದು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಎಲ್ಲರೂ ಕಂಡ ಕೆಲಸ. ಒಂದೇ ಶ್ರಮದಿಂದ ತಡೆಗಳೆರಡು. ಅರಸರ ದುರ್ಗವಿಧಾನವೂ ಮೂಲದಲ್ಲಿ ಇದೇ ಆಗಿರುವದು.

ಕೌಟಿಲ್ಯನ ಅರ್ಥಶಾಸ್ತ್ರವು ದುರ್ಗದ ಸುತ್ತ 14, 12, 10 ದಂಡಗಳಗಲದ ಮೂರು ಪರಿಖೆಗಳನ್ನು ವಿಧಿಸಿ, ತೋಡಿದ ಮಣ್ಣಿನಿಂದಲೇ 6 ದಂಡಗಳೆತ್ತರದ ವಪ್ರವನ್ನು ಕಟ್ಟಿಸುತ್ತದೆ. ಆ ಮಣ್ಣನ್ನು ಆನೆ-ಎತ್ತುಗಳಿಂದ ತುಳಿಸಿ, ಮೇಲೆ ಮುಳ್ಳುಪೊದೆಗಳನ್ನೂ ವಿಷಬಳ್ಳಿಗಳನ್ನೂ ಬೆಳೆಸಬೇಕೆಂದು ಹೇಳುತ್ತದೆ. ಇಂದು ಪೊದೆ ಮುಸುಕಿದ ಹಳೆಯ ದಿಬ್ಬವನ್ನು ಕಂಡು ಹಾಳುಬಿದ್ದಿತೆಂದು ಮರುಗುವವರು ಇದನ್ನು ನೆನೆಯಬೇಕು.

ಈ ಸೀಮೆಯಲ್ಲಿ ಜಲರಕ್ಷೆಯ ಪ್ರಾಚೀನ ನಿದರ್ಶನ ಬನವಾಸಿ. ವರದೆಯೇ ಅದಕ್ಕೆ ಒಡ್ಯಾಣ. ಇಮ್ಮಡಿ ಪುಲಕೇಶಿಯ ಸೈನ್ಯಸಾಗರವು ಮುತ್ತಿದಾಗ ಆ ಸ್ಥಲದುರ್ಗವು ಜಲದುರ್ಗದಂತಾಯಿತೆಂದು ರವಿಕೀರ್ತಿಯು 634ರ ಐಹೊಳೆಯ ಶಾಸನದಲ್ಲಿ ಚಮತ್ಕಾರದಿಂದ ವರ್ಣಿಸಿರುವನು.

ಸಾವಿರ ವರ್ಷಗಳ ತರುವಾಯ ಶಾಲ್ಮಲೆಯ ಬಳಿಯ ಸೋದೆಯಲ್ಲಿ ನಾಯಕರು ಆಳಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಮುಂದೆ ಸೋದೆಯನ್ನೂ ವಶಪಡಿಸಿಕೊಳ್ಳಲು, ಅರಸನು ಗೋವೆಗೆ ಹೋಗಿ ಪೋರ್ತುಗೀಸರ ಆಶ್ರಯ ಪಡೆದನು. 1801ರಲ್ಲಿ ಇಲ್ಲಿಗೆ ಬಂದ ಬುಕನನ್ನನು ಪಟ್ಟಣಕ್ಕೆ ಮೂರು ಸುತ್ತಿನ ಕೋಟೆಯಿದ್ದುದನ್ನೂ ಊರು ಕ್ಷಯಿಸಿದುದನ್ನೂ ಬರೆದಿಟ್ಟನು. 1883ರ ಗ್ಯಾಸೆಟಿಯರಿನ ಕಾಲಕ್ಕೆ ಅರಮನೆಯ ಕುರುಹಾಗಿ ಉಳಿದಿದ್ದುದು ಕೆತ್ತನೆಯ ಐದು ಕಂಬಗಳ ಮೇಲಿನ, 12 ಅಡಿ ಚೌಕದ ಒಂದು ಹಾಸುಗಲ್ಲು ಮಾತ್ರ. ಜನರು ಅದನ್ನು ಸಿಂಹಾಸನವೆನ್ನುತ್ತಿದ್ದರು.

ಕಲ್ಲಿಗೆ ಬೆಲೆಯುಂಟು, ಆದುದರಿಂದ ಅದನ್ನು ಹೊತ್ತೊಯ್ಯುವರು. ಮಣ್ಣಿಗೆ ಬೆಲೆಯಿಲ್ಲದ ಕಾರಣ ಅದು ಇದ್ದಲ್ಲೇ ಇರುತ್ತಿತ್ತು. ಈಗ ಆ ರಕ್ಷಣೆಯೂ ತಪ್ಪಿತು: ಎತ್ತುಗಳು ತುಳಿದು ಕಟ್ಟಿದುದನ್ನು ಯಂತ್ರವೊಂದು ಹಗಲೊಂದರಲ್ಲಿ ಸಮತಟ್ಟು ಮಾಡುವದು. ಬಿದ್ದ ಕಲ್ಲನ್ನು ಮತ್ತೆ ನಿಲ್ಲಿಸಬಹುದು, ಶಾಸನವನ್ನು ಸಂಗ್ರಹಾಲಯದಲ್ಲಿ ಇರಿಸಬಹುದು. ಕೆದರಿದ ದಿಬ್ಬವನ್ನು ಯಾರೂ ಮರಳಿ ಕಟ್ಟಲಾರರು. ಅದರಡಿಯ ಮಡಕೆಚೂರೂ ಇದ್ದಲನ್ನೂ ಆಧರಿಸಿಯೇ ಅದರ ಕಾಲವನ್ನು ನಿರ್ಣಯಿಸಬೇಕಾಗಿರುವದು.

ಅಗಳ ತುಂಬಿಸುವವನು ಮಣ್ಣಿಗಾಗಿ ದೂರ ಹೋಗನು, ಪಕ್ಕದ ದಂಡೆಯನ್ನೇ ಕಡಿಯುವನು. ಒಟ್ಟಿಗೆ ಹುಟ್ಟಿದವೆರಡೂ ಹೀಗೆ ಒಟ್ಟಿಗೆ ಅಳಿಯುವವು. ಊರ ಹಿರಿಯರಿಗೆ ಅವುಗಳ ನೆಲೆ ತಿಳಿದಿರುವಾಗಲೇ ಅಳತೆ ತೆಗೆದು ಬರೆದಿಡುವದು ಆಯಾ ಊರಿನ ಅಕ್ಷರಸ್ಥರ ಹೊಣೆ.